ಹಲಸಿನ ಕೊಂಬೆ, ಅಜ್ಜನ ಬೆನ್ನು

ಪ್ರಶ್ನೆ: ಕಳೆದ ಮಳೆಗಾಲದಲ್ಲಿ ಬಿದ್ದ ಮನೆಯ ಹಲಸಿನ ಮರದಿಂದ ಕುರ್ಚಿಯೊಂದನ್ನು ಮಾಡಿದ್ದೇನೆ. ಕವಲೊಡೆದ ಕೊಂಬೆಯನ್ನೇ ಬೆನ್ನಿಗೆ ಒರಗಾಗಿ ಉಳಿಸಿದ್ದೇನೆ. ನೋಡಿದವರೆಲ್ಲ ಶಿಲ್ಪದಂತಿದೆ ಎನ್ನುತ್ತಾರೆ. ಅಜ್ಜ ಮಾತ್ರ ಐದು ನಿಮಿಷ ಕುಳಿತು, ಬೆನ್ನಿಗೆ ಚುಚ್ಚುತ್ತದೆಂದು ಎದ್ದುಬಿಟ್ಟರು. ಇದು ಪೀಠೋಪಕರಣವೇ, ಶಿಲ್ಪವೇ? ಕೊಂಬೆಯನ್ನು ಕಡಿಯಲು ಮನಸ್ಸು ಬರುತ್ತಿಲ್ಲ.
— ಓದುಗರೊಬ್ಬರು, ಬದಿಯಡ್ಕ

ಉತ್ತರ: ನಿಮ್ಮ ಅಜ್ಜನ ಮಾತನ್ನು ಶಿಲ್ಪದ ಮೇಲಿನ ಟೀಕೆಯೆಂದು ತಿಳಿಯದೆ, ಕುರ್ಚಿಯ ಅಳತೆಯೆಂದು ತಿಳಿಯಿರಿ. ಅಮೆರಿಕದ ಶಿಲ್ಪಿ ಡೊನಾಲ್ಡ್ ಜಡ್ ತಮ್ಮ ಕಲಾಕೃತಿಯೊಂದನ್ನು ಕಾಫಿ ಮೇಜಾಗಿ ಮಾರ್ಪಡಿಸಲು ಹೋದಾಗ ಕೃತಿಯೂ ಕೆಟ್ಟು ಮೇಜೂ ಕೆಟ್ಟು, ಕೊನೆಗೆ ಅದನ್ನು ಎಸೆಯಬೇಕಾಯಿತೆಂದು 1993ರಲ್ಲಿ ಬರೆದಿದ್ದಾರೆ. ಕಲೆಯನ್ನೂ ಪೀಠೋಪಕರಣವನ್ನೂ ಅವರು ಬೇರೆಬೇರೆಯಾಗಿಯೇ ಇಟ್ಟರು. ಆ ಗೆರೆ ಅಷ್ಟು ಗಟ್ಟಿಯೆಂದು ನನಗೆ ಅನ್ನಿಸುವುದಿಲ್ಲ. 1918ರ ಸುಮಾರಿಗೆ ನೆದರ್‌ಲೆಂಡ್ಸಿನ ವಿನ್ಯಾಸಕ ಗೆರಿಟ್ ರೀಟ್‌ವೆಲ್ಡ್ ರಚಿಸಿದ ಕುರ್ಚಿಯಲ್ಲಿ ಮರದ ಪಟ್ಟಿಗಳು ಒಂದನ್ನೊಂದು ದಾಟಿ ಆಚೆಗೆ ಚಾಚಿಕೊಳ್ಳುತ್ತವೆ. ನಮ್ಮ ಆಚಾರಿಗಳಿಗೆ ಅದು ಅರ್ಧಕ್ಕೆ ಬಿಟ್ಟ ಕೆಲಸದಂತೆ ಕಂಡೀತು. ಆದರೂ ಕೂರುವ ಹಲಗೆ, ಒರಗುವ ಹಲಗೆ ಎರಡೂ ಅಲ್ಲಿ ಬಿಡಿಬಿಡಿಯಾಗಿ, ನಿಚ್ಚಳವಾಗಿ ಇವೆ. ಆ ಕುರ್ಚಿಗೆ ಹೆಸರು ತಂದ ಕೆಂಪು ನೀಲಿ ಬಣ್ಣಗಳು ಬಂದದ್ದು ಆಮೇಲೆ.

ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಅಡುಗೆಮನೆಯ ಹೆರೆಮಣೆಯನ್ನು ಅಂಗಳಕ್ಕೆ ತಂದು ಒಮ್ಮೆ ಸುತ್ತಿ ನೋಡಿ: ಮುಂದಕ್ಕೆ ಚಾಚಿದ ಅದರ ಕೊರಳು, ತುದಿಯ ಕಬ್ಬಿಣದ ಹಲ್ಲು, ಕುಳಿತು ಕುಳಿತು ನಯವಾದ ಮಣೆ ಯಾವ ಶಿಲ್ಪಕ್ಕೂ ಕಡಿಮೆಯಲ್ಲ. ಅದಕ್ಕೆ ಒರಗಿಲ್ಲವೆಂದು ಯಾರೂ ದೂರುವುದಿಲ್ಲ, ಏಕೆಂದರೆ ಒಂದೆರಡು ಕಾಯಿ ತುರಿಯುವಷ್ಟು ಹೊತ್ತಿಗೆ ಆ ಆಸನ ಸಾಕು. ನಿಮ್ಮ ಕುರ್ಚಿಯಲ್ಲಿ ಯಾರು, ಎಷ್ಟು ಹೊತ್ತು, ಏತಕ್ಕಾಗಿ ಕೂರಬೇಕೆಂಬುದನ್ನು ನೀವಿನ್ನೂ ನಿರ್ಧರಿಸಿದಂತಿಲ್ಲ. ಜಗಲಿಯಲ್ಲಿ ಚಪ್ಪಲಿ ಬಿಚ್ಚಲು ಕೂರುವವರಿಗಾದರೆ ಅದು ಈಗಿರುವಂತೆಯೇ ಇರಲಿ. ಅಜ್ಜ ಎಲೆಯಡಿಕೆ ಹಾಕಿಕೊಂಡು ಸಂಜೆಯೆಲ್ಲ ಕೂರಬೇಕಾದರೆ ಕೊಂಬೆ ಸ್ವಲ್ಪ ಬಿಟ್ಟುಕೊಡಲೇಬೇಕು.

ಅದಕ್ಕಾಗಿ ಕವಲನ್ನು ಕಡಿಯಬೇಕಾಗಿಲ್ಲ. ಕೊಂಬೆಗೆ ಸೀಮೆಸುಣ್ಣ ಉಜ್ಜಿ, ಅಜ್ಜನಿಗೆ ಕಪ್ಪು ಬಣ್ಣದ ಹಳೆಯ ಅಂಗಿ ತೊಡಿಸಿ ಕೂರಿಸಿರಿ. ಅಂಗಿಯ ಮೇಲೆ ಗುರುತು ಮೂಡಿದ ಕಡೆಯೇ ಮರ ಒತ್ತುತ್ತಿರುವುದು. ಅಷ್ಟನ್ನೇ ಉಳಿಯಿಂದ ಕೆತ್ತಿ, ಮತ್ತೆ ಕೂರಿಸಿ ನೋಡಿ. ಮರ ಇನ್ನೂ ಪೂರ್ತಿ ಒಣಗಿರಲಾರದು. ಕೊಯ್ದ ತುದಿಗಳು ಬೇಗ ಒಣಗಿ ಸೀಳುವುದರಿಂದ ಅವುಗಳಿಗೆ ಮೇಣ ಸವರಿಡಿ. ಹೊಸದಾಗಿ ಕೆತ್ತಿದ ಜಾಗ ಹಳದಿಯಾಗಿ ಎದ್ದುಕಂಡರೆ ಬಣ್ಣ ಬಳಿಯಬೇಡಿ. ಹಲಸಿನ ಮರ ಬೆಳಕಿಗೆ ತಾನಾಗಿಯೇ ಕಂದಾಗುತ್ತದೆ.