ರಾತ್ರಿಯೆಲ್ಲ ಯೋಚಿಸಿದರೂ ತಾಳ್ಮೆ ಯಾಕೆ ಬರಲ್ಲ?

ಇದು ನನ್ನ ಬಳಿ ಸಲಹೆಗೆ ಬಂದ ಒಬ್ಬರ ಕಥೆ. ಗುರುತು ಸಿಗುವ ವಿವರಗಳನ್ನು ತೆಗೆದಿದ್ದೇನೆ, ಕೆಲವನ್ನು ಬದಲಿಸಿದ್ದೇನೆ. ಬರೆಯುವುದಕ್ಕೆ ಅವರ ಒಪ್ಪಿಗೆ ಇದೆ. ಹೆಸರು ಬೇಡ, ಅಕ್ಕ ಮತ್ತು ತಮ್ಮ ಅಂತಲೇ ಕರೆಯುತ್ತೇನೆ.

ಅಕ್ಕನಿಗೆ ನಲವತ್ತು ದಾಟಿದೆ. ಕೆಲಸಕ್ಕೆ ಹೋಗುತ್ತಾರೆ. ಹಾಸಿಗೆ ಹಿಡಿದ ತಾಯಿಯನ್ನೂ ನೋಡಿಕೊಳ್ಳುತ್ತಾರೆ. ತಮ್ಮ ಬೇರೆ ಊರಿನಲ್ಲಿದ್ದಾರೆ. ಇಬ್ಬರ ನಡುವೆ ಮಾತು ಕಡಿಮೆ, ಮೆಸೇಜು ಜಾಸ್ತಿ, ಮೆಸೇಜಿನಲ್ಲಿ ಜಗಳವೇ ಜಾಸ್ತಿ. "ಯೋಚನೆ ಮಾಡಿ ಮಾತಾಡು ಅಂತ ಮಾತ್ರ ಹೇಳಬೇಡಿ ಮೇಡಂ, ರಾತ್ರಿಯೆಲ್ಲ ನಾನು ಮಾಡೋದೇ ಅದು" ಅಂದರು.

ಅವರು ಹೇಳಿದ್ದು ನಿಜ. ತಾಳ್ಮೆ ಇಲ್ಲ ಅನ್ನುವ ಬಹಳಷ್ಟು ಜನ ಯೋಚನೆ ಮಾಡದವರಲ್ಲ. ಅವರ ಯೋಚನೆ ಬರುವ ಹೊತ್ತು ತಪ್ಪಿರುತ್ತದೆ, ಹಿಡಿಯುವ ದಾರಿಯೂ ತಪ್ಪಿರುತ್ತದೆ.

ಒಂದು ಸಂಜೆಯ ಮೆಸೇಜುಗಳನ್ನು ಸಮಯದ ಸಮೇತ ಓದಿ ಅಂತ ಕೇಳಿದೆ. 9:12ಕ್ಕೆ ತಮ್ಮ ಬರೆದಿದ್ದರು, "ಅಕ್ಕ, ಈ ವಾರ ಬರೋಕಾಗಲ್ಲ." 9:13ಕ್ಕೆ ಅಕ್ಕ, "ನೀನು ಯಾವ ವಾರ ಬಂದಿದ್ದೀಯ?" 9:15ಕ್ಕೆ ತಮ್ಮ, "ಶುರು ಮಾಡಬೇಡ." ಆಮೇಲೆ ಹಳೆಯದೆಲ್ಲ ಹೊರಬಂತು. 9:23ಕ್ಕೆ ಅಕ್ಕನ ಕೊನೆಯ ಸಾಲು, "ನನಗೆ ತಮ್ಮ ಇಲ್ಲ ಅಂದ್ಕೋತೀನಿ." ಅದನ್ನು ಓದುವಾಗ ಅವರ ದನಿ ತಗ್ಗಿತು. ಆ ರಾತ್ರಿ ನಿದ್ದೆ ಬರಲಿಲ್ಲವಂತೆ. ಹಾಗೆ ಹೇಳಬಾರದಿತ್ತು ಅಂತ ಸ್ವಲ್ಪ ಹೊತ್ತು, ಅವನು ಯಾಕೆ ಹೀಗೆ ಅಂತ ಸ್ವಲ್ಪ ಹೊತ್ತು, ನನ್ನ ಹಣೆಬರಹವೇ ಇಷ್ಟು ಅಂತ ಬೆಳಗಿನವರೆಗೆ.

ಬರೆಯುವುದೆಲ್ಲ ಹನ್ನೊಂದು ನಿಮಿಷದಲ್ಲಿ ಮುಗಿದಿತ್ತು. ಯೋಚನೆಗೆ ಇಡೀ ರಾತ್ರಿ ಹೋಯಿತು, ಅದೂ ಎಲ್ಲ ಮುಗಿದ ಮೇಲೆ.

ಮುಂದೆ ಹೋಗುವ ಮೊದಲು ಕೆಲವು ವಿಷಯ ಕೇಳಿಕೊಂಡೆ. ನಿದ್ದೆ, ಊಟ, ಬದುಕಿನಲ್ಲಿ ಆಸಕ್ತಿ ಹೇಗಿದೆ? ತಮ್ಮನಿಂದ ಬೆದರಿಕೆ, ಹೊಡೆತ, ಹಣದ ದಬ್ಬಾಳಿಕೆ ಏನಾದರೂ ಇದೆಯಾ? ಇಲ್ಲ ಅಂದರು. ಇದು ಸುಮ್ನೆ ಕೇಳುವ ಪ್ರಶ್ನೆಯಲ್ಲ. ಹಿಂಸೆ ಇರುವ ಕಡೆ ತಾಳ್ಮೆಯ ಪಾಠ ಹೇಳುವುದು ಅನ್ಯಾಯ. ಅಲ್ಲಿ ಬೇಕಾದದ್ದು ರಕ್ಷಣೆ.

ಮೊದಲು ಹಿಡಿದದ್ದು ಆ ಒಂದು ನಿಮಿಷವನ್ನು, 9:12ರಿಂದ 9:13ರವರೆಗಿನದು. ಆಗ ಮೈಯಲ್ಲಿ ಏನಾಗುತ್ತೆ ಅಂತ ಕೇಳಿದರೆ ಅವರಿಗೆ ತಕ್ಷಣ ಹೊಳೆಯಲಿಲ್ಲ. ಕಣ್ಣು ಮುಚ್ಚಿ ನೆನಪಿಸಿಕೊಂಡು, "ಕಿವಿ ಬಿಸಿಯಾಗುತ್ತೆ. ಫೋನನ್ನು ಗಟ್ಟಿಯಾಗಿ ಹಿಡ್ಕೊಂಡಿರ್ತೀನಿ, ಬೆರಳು ನೋಯುವಷ್ಟು" ಅಂದರು. ಸರಿ, ಅದೇ ನಮ್ಮ ಗುರುತು ಅಂತ ಇಟ್ಟುಕೊಂಡೆವು. ಕಿವಿ ಬಿಸಿಯಾದರೆ ಫೋನು ಕೆಳಗೆ.

ಎಷ್ಟು ಹೊತ್ತು? ಹತ್ತರವರೆಗೆ ಎಣಿಸು ಅನ್ನುತ್ತಾರಲ್ಲ, ಅದು ಸಾಲದು. ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಗಾಟ್‌ಮನ್ ಗಂಡ ಹೆಂಡತಿಯರ ಜಗಳಗಳನ್ನು ದಶಕಗಳ ಕಾಲ ಗಮನಿಸಿದವರು, ಮಾತಾಡುವವರ ಎದೆಬಡಿತವನ್ನೂ ಅಳೆದು ನೋಡಿದವರು. ಬಡಿತ ನಿಮಿಷಕ್ಕೆ ಸುಮಾರು 100 ದಾಟಿದರೆ ಎದುರಿನವರ ಮಾತು ಸರಿಯಾಗಿ ತಲೆಗೆ ಹೋಗುವುದಿಲ್ಲ, ಮೈ ತಣ್ಣಗಾಗುವುದಕ್ಕೆ ಕನಿಷ್ಠ 20 ನಿಮಿಷ ಬೇಕು ಅನ್ನುವುದು ಅವರ ಸಲಹೆ. ಆ ಹೊತ್ತಿನಲ್ಲಿ ಏನು ಮಾಡುತ್ತೇವೆ ಅನ್ನುವುದೂ ಮುಖ್ಯ. ಅಕ್ಕ ಮೊದಲ ವಾರ ಫೋನು ಇಟ್ಟು, ಅಡುಗೆಮನೆಯಲ್ಲಿ ನಿಂತು ತಮ್ಮನಿಗೆ ಕೊಡಬೇಕಾದ ಉತ್ತರಗಳನ್ನೆಲ್ಲ ಮನಸ್ಸಿನಲ್ಲೇ ಜೋಡಿಸಿದರು. ವಾಪಸ್ ಬಂದಾಗ ಸಿಟ್ಟು ಎರಡು ಪಟ್ಟಾಗಿತ್ತು!

ಸಿಟ್ಟನ್ನು ಹೊರಗೆ ಹಾಕಿಬಿಟ್ಟರೆ ಹಗುರ ಆಗುತ್ತೆ ಅನ್ನುವ ನಂಬಿಕೆ ತುಂಬಾ ಗಟ್ಟಿ. ಆದರೆ 2024ರಲ್ಲಿ 154 ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದ ಒಂದು ಪರಿಶೀಲನೆಯಲ್ಲಿ ಬೇರೆಯೇ ಕಂಡಿತು. ಮೈಯ ಉದ್ವೇಗ ಇಳಿಸುವ ಕೆಲಸಗಳಿಂದ, ಅಂದರೆ ನಿಧಾನದ ಉಸಿರಾಟ, ಧ್ಯಾನ, ಯೋಗದಂಥವುಗಳಿಂದ ಸಿಟ್ಟು ಕಡಿಮೆಯಾಗಿತ್ತು. ಉದ್ವೇಗ ಏರಿಸುವ ಕೆಲಸಗಳಿಂದ ಒಟ್ಟಾರೆ ಕಡಿಮೆಯಾಗಿರಲಿಲ್ಲ. ಜೋರಾಗಿ ಓಡಿದರೂ ಅಷ್ಟೇ. ಹಾಗಾಗಿ ಅಕ್ಕನಿಗೆ ಉಸಿರನ್ನು ಒಳಗೆ ಎಳೆದದ್ದಕ್ಕಿಂತ ನಿಧಾನವಾಗಿ ಹೊರಗೆ ಬಿಡುವುದನ್ನು ಕೂತು ಹೇಳಿಕೊಟ್ಟೆ. ಜೊತೆಗೆ ಕೈಗೆ ಕೆಲಸ ಕೊಡುವ ಯಾವುದಾದರೂ ಆಗಬಹುದು ಅಂದೆ. ಅವರು ಬಟ್ಟೆ ಮಡಿಸುವುದನ್ನು ಆರಿಸಿಕೊಂಡರು.

ಇಲ್ಲಿ ಜನ ಸಾಮಾನ್ಯವಾಗಿ ಎಡವುವ ಒಂದು ಜಾಗ ಇದೆ. ಉತ್ತರ ಕೊಡದೆ ಸುಮ್ಮನಾದರೆ ಅದು ತಾಳ್ಮೆ ಅಂದುಕೊಳ್ಳುತ್ತೇವೆ. ಎದುರಿನವರಿಗೆ ಅದು ಶಿಕ್ಷೆಯ ಹಾಗೆ ಕಾಣುತ್ತದೆ, ಅಲ್ವಾ? ಆದ್ದರಿಂದ ಒಂದು ಸಾಲು ತಯಾರು ಮಾಡಿಟ್ಟೆವು, "ಓದಿದೆ. ಈಗ ಬರೆದರೆ ಜಗಳ ಆಗುತ್ತೆ. ನಾಳೆ ಸಂಜೆ ಏಳಕ್ಕೆ ಫೋನ್ ಮಾಡ್ತೀನಿ." ಏಳಕ್ಕೆ ಅಂದರೆ ಏಳಕ್ಕೇ ಮಾಡಬೇಕು. ಮೊದಲ ಸಲ ಈ ಸಾಲು ಹೋದಾಗ ತಮ್ಮ ಗಾಬರಿಯಾಗಿ, "ಅಕ್ಕ, ಹುಷಾರಾಗಿದ್ದೀಯಾ?" ಅಂತ ಕೇಳಿದರಂತೆ. ಅಕ್ಕ ಅದನ್ನು ಹೇಳುವಾಗ ನಕ್ಕರು. ಅವರು ನನ್ನೆದುರು ನಕ್ಕಿದ್ದು ಅದೇ ಮೊದಲು.

ಇನ್ನು ರಾತ್ರಿಯ ಯೋಚನೆ. ನನಗೆ ಈ ಪ್ರಕರಣದಲ್ಲಿ ಹೆಚ್ಚು ಮುಖ್ಯ ಅನ್ನಿಸಿದ್ದು ಇದೇ. ಸೂಸನ್ ನೋಲೆನ್ ಹೋಕ್ಸೆಮಾ ಅನ್ನುವ ಮನಶ್ಶಾಸ್ತ್ರಜ್ಞೆ ಮನಸ್ಸಿನ ಈ ಗಾಣ ತಿರುಗುವಿಕೆಯನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದರು. 2003ರಲ್ಲಿ ಅವರು ಮತ್ತು ಜೊತೆಗಾರರು ಇದರಲ್ಲಿ ಎರಡು ಬಗೆ ಗುರುತಿಸಿದರು. ನನಗೇ ಯಾಕೆ ಹೀಗೆ ಅಂತ ಕೊರಗುವುದು ಒಂದು. ಏನಾಯಿತು, ಏನು ಮಾಡಬಹುದು ಅಂತ ಒಳಗೆ ತಿರುಗಿ ನೋಡುವುದು ಇನ್ನೊಂದು. ಕೊರಗಿನ ಜೊತೆ ಖಿನ್ನತೆ ಕಾಲ ಕಳೆದಂತೆ ಹೆಚ್ಚಾಗುತ್ತಿತ್ತು, ಇನ್ನೊಂದರ ಜೊತೆ ಇಳಿಯುತ್ತಿತ್ತು. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ, ಯಾರೋ ಸುಮ್ಮನೆ ಕೂತು ಯೋಚಿಸುತ್ತಿದ್ದಾರೆ ಅಷ್ಟೇ.

ಅಕ್ಕನಿಗೆ ಒಂದು ನೋಟ್‌ಬುಕ್ ಇಡಲು ಹೇಳಿದೆ. ದಿನಕ್ಕೆ ಹದಿನೈದು ನಿಮಿಷ ಸಾಕು, ಸಂಜೆ ಬೆಳಕಿದ್ದಾಗ, ಹಾಸಿಗೆಯಲ್ಲಿ ಅಲ್ಲ. ನಡೆದದ್ದನ್ನು ಮಾತ್ರ ಬರೆಯಿರಿ, ಆಮೇಲೆ ಅದರ ಬಗ್ಗೆ ನಿಮಗೇನನ್ನಿಸಿತು ಅಂತ ಬೇರೆ ಸಾಲಿನಲ್ಲಿ ಬರೆಯಿರಿ. ಕೊನೆಗೆ ಮುಂದೆ ಮಾಡಬಹುದಾದ ಒಂದು ಸಣ್ಣ ಕೆಲಸ. "ನಾನು" ಅನ್ನುವ ಬದಲು "ಅಕ್ಕ" ಅಂತ ಬೇರೆಯವರ ಕಥೆಯ ಹಾಗೆ ಬರೆಯಿರಿ ಅಂದೆ. ಸ್ವಲ್ಪ ದೂರ ನಿಂತು ನೋಡಿದರೆ ಉರಿ ಕಡಿಮೆಯಾಗುತ್ತದೆ ಅನ್ನುವುದನ್ನು ಮನಶ್ಶಾಸ್ತ್ರಜ್ಞ ಈಥನ್ ಕ್ರಾಸ್ ಮತ್ತು ಅವರ ತಂಡದ ಪ್ರಯೋಗಗಳು ತೋರಿಸಿವೆ.

ಮೊದಮೊದಲು ಪುಟ ತುಂಬ ದೂರುಗಳೇ. "ಅವನಿಗೆ ಅಮ್ಮನ ಚಿಂತೆ ಇಲ್ಲ" ಅನ್ನುವುದನ್ನು ನಡೆದದ್ದರ ಸಾಲಿನಲ್ಲಿ ಬರೆದಿದ್ದರು. ಇದು ನಡೆದದ್ದಾ, ನಿಮಗೆ ಅನ್ನಿಸಿದ್ದಾ ಅಂತ ಕೇಳಿದೆ. ತುಂಬಾ ಹೊತ್ತು ಸುಮ್ಮನಿದ್ದು ಅದನ್ನು ಹೊಡೆದು ಹಾಕಿದರು. ಮುಂದಿನ ಭೇಟಿಗೆ ತಂದ ಪುಟದಲ್ಲಿ ಹೀಗಿತ್ತು: "ಅಕ್ಕ ತಮ್ಮನಿಗೆ ಬಾ ಅಂತ ಯಾವತ್ತೂ ಹೇಳಿಲ್ಲ. ಬರ್ತೀಯಾ ಅಂತಲೂ ಕೇಳಿಲ್ಲ. ಯಾಕೆ ಬರಲಿಲ್ಲ ಅಂತ ಮಾತ್ರ ಕೇಳಿದ್ದಾಳೆ."

ಇದನ್ನು ನಾನು ಹೇಳಿದ್ದರೆ ಅವರಿಗೆ ಖಂಡಿತ ಬೇಸರವಾಗುತ್ತಿತ್ತು. ತಪ್ಪೆಲ್ಲ ನನ್ನದೇ ಅನ್ನುತ್ತೀರಾ ಅಂತ ಎದ್ದು ಹೋಗುತ್ತಿದ್ದರೇನೋ. ತಾವೇ ಕಂಡುಕೊಂಡದ್ದರಿಂದ ಅದನ್ನು ಹಿಡಿದು ಮುಂದೆ ಹೋದರು. ತಮ್ಮ ತಾನಾಗಿಯೇ ಅರ್ಥ ಮಾಡಿಕೊಳ್ಳಲಿ ಅಂತ ವರ್ಷಗಟ್ಟಲೆ ಕಾದಿದ್ದರು. ಹಾಗೆ ಕಾಯುವುದೇ ತಾಳ್ಮೆ ಅಂತ ನಂಬಿದ್ದರು. ಪಾಪ, ಎಷ್ಟೊಂದು ಜನ ಹೀಗೇ ಬಾಯಿ ಬಿಟ್ಟು ಕೇಳದೆ ಕಾದು ಕಾದು ಸೋಲುತ್ತಾರೆ.

ನಡುವೆ ಒಂದು ಸಲ ಮತ್ತೆ ದೊಡ್ಡ ಜಗಳವಾಯಿತು. ನೋಡಿದರೆ ಹಿಂದಿನ ಎರಡು ರಾತ್ರಿ ತಾಯಿಗೆ ಜ್ವರ, ಅಕ್ಕ ಮಲಗಿರಲಿಲ್ಲ. ನಿದ್ದೆಗೆಟ್ಟ ಮೈಯಿಂದ ತಾಳ್ಮೆ ನಿರೀಕ್ಷಿಸುವುದು ತಪ್ಪು. ಆ ದಿನಗಳಲ್ಲಿ ಯಾವ ಮುಖ್ಯ ಮಾತೂ ಬೇಡ, ಮುಂದಕ್ಕೆ ಹಾಕಿ ಅಂದೆ. ಬೇರೆಯವರ ಸಹಾಯ ಕೇಳಿ ವಾರಕ್ಕೆ ಒಂದು ರಾತ್ರಿಯಾದರೂ ಪೂರ್ತಿ ಮಲಗುವ ವ್ಯವಸ್ಥೆ ಮಾಡಿಕೊಳ್ಳಲೂ ಹೇಳಿದೆ. ಇದಕ್ಕೆ ಅವರು ಒಪ್ಪಿದ್ದು ಬಹಳ ಕಷ್ಟದಿಂದ.

ಇದೇ ಥರದ ತೊಂದರೆ ಇರುವವರಿಗೂ ನನ್ನ ಸಲಹೆ ಇವೇ. ಆದರೆ ನಿದ್ದೆ ಕೆಟ್ಟು, ಯಾವುದರಲ್ಲೂ ಆಸಕ್ತಿ ಇಲ್ಲದೆ ಎರಡು ವಾರ ಕಳೆದರೆ ನೋಟ್‌ಬುಕ್ ನಂಬಿಕೊಂಡು ಕೂರಬೇಡಿ, ವೈದ್ಯರನ್ನು ನೋಡಿ. ಸಾಯುವ ಯೋಚನೆ ಬಂದರೆ ಅದೇ ದಿನ ನೋಡಿ. ಬರೆಯುತ್ತಾ ಹೋದಂತೆ ಮನಸ್ಸು ಇನ್ನಷ್ಟು ಭಾರವಾಗುತ್ತಿದ್ದರೆ ನಿಲ್ಲಿಸಿ, ಯಾರ ಜೊತೆಗಾದರೂ ಕೂತು ಮಾತಾಡಿ.

ಈಗ ತಾಯಿಯ ಔಷಧಿ ತರಿಸುವುದು, ಆಸ್ಪತ್ರೆಯ ದಿನ ಗೊತ್ತು ಮಾಡುವುದು ತಮ್ಮನ ಜವಾಬ್ದಾರಿ. ಅಕ್ಕ ನೇರವಾಗಿ ಕೇಳಿದರು, ತಮ್ಮ ಒಪ್ಪಿಕೊಂಡರು. ತಿಂಗಳಿಗೊಮ್ಮೆ ಬಾ ಅಂದದ್ದಕ್ಕೆ ಮಾತ್ರ ಆಗಲ್ಲ ಅಂದರು. ಅಕ್ಕನಿಗೆ ಅದರ ನೋವಿದೆ. ಆ ನೋವನ್ನು ತಮ್ಮನಿಗೆ ಹೇಳಬೇಕೋ ಬೇಡವೋ, ಹೇಳಿದರೆ ಹೇಗೆ ಅನ್ನುವುದರ ಮೇಲೆ ನಾವಿನ್ನೂ ಕೆಲಸ ಮಾಡುತ್ತಿದ್ದೇವೆ.