ಥರ್ಮೋಸ್ಟಾಟ್ ಕಿತ್ತರೆ ಕಾರು ಬಿಸಿಯಾಗೋದು ನಿಲ್ಲುತ್ತಾ?

ಪ್ರಶ್ನೆ: ನನ್ನ ಕಾರಿಗೆ 15 ವರ್ಷ. ಪದೇ ಪದೇ ಎಂಜಿನ್ ಬಿಸಿಯಾಗುತ್ತದೆ. ಥರ್ಮೋಸ್ಟಾಟ್ ಕಿತ್ತುಹಾಕಿದರೆ ಸರಿಹೋಗುತ್ತದೆ ಎನ್ನುತ್ತಾರೆ ಮೆಕ್ಯಾನಿಕ್. ತೆಗೆಸಲಾ?

ಬೇಡ. ಈ ಸಲಹೆ ಕೇಳಿ ಕೇಳಿ ಸಾಕಾಗಿದೆ. ಎಂಜಿನ್ 80-90 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಬಂದ ಮೇಲೆ ಕೂಲಂಟ್ (ಎಂಜಿನ್ ತಣಿಸುವ ದ್ರವ) ತಣಿಯಲು ರೇಡಿಯೇಟರ್‌ಗೆ ಹೋಗಲು ದಾರಿ ಬಿಡುವುದು ಅದೇ. ಕಿತ್ತರೆ ಎಂಜಿನ್ ಬೇಗ ಹದ ಬಿಸಿಗೆ ಬರುವುದಿಲ್ಲ. ಇಂಧನ ಜಾಸ್ತಿ ಕುಡಿಯುತ್ತದೆ, ಬೇಗ ಸವೆಯುತ್ತದೆ. ಕೆಟ್ಟಿದ್ದರೆ ಹೊಸದು ಹಾಕಿಸಿ.

ಯಾವಾಗ ಬಿಸಿಯಾಗುತ್ತದೆ ಅಂತ ನೀವು ಬರೆದೇ ಇಲ್ಲ. ಯಾರೂ ಬರೆಯುವುದಿಲ್ಲ. ಅರ್ಧ ಉತ್ತರ ಅಲ್ಲೇ ಇರುತ್ತದೆ! ಸಿಗ್ನಲ್‌ನಲ್ಲಿ ನಿಂತಾಗ ಬಿಸಿ ತೋರಿಸುವ ಮುಳ್ಳು ಏರಿ, ಓಡಿಸಿದಾಗ ಇಳಿದರೆ ಮೊದಲು ಫ್ಯಾನ್ ನೋಡಿಸಿ. ಮೋಟಾರ್, ಫ್ಯೂಸ್, ರಿಲೇ, ಸೆನ್ಸರ್ ಯಾವುದಾದರೂ ಕೈಕೊಟ್ಟಿರಬಹುದು. ವೇಗದಲ್ಲಿ, ಏರಿನಲ್ಲಿ ಬಿಸಿಯಾದರೆ ರೇಡಿಯೇಟರ್ ಕಟ್ಟಿಕೊಂಡಿರಬಹುದು, ಇಲ್ಲವೇ ಕೂಲಂಟ್ ತಳ್ಳುವ ವಾಟರ್ ಪಂಪ್ ಸೋತಿರಬಹುದು. ಎಂಜಿನ್ ಕಾದ ಮೇಲೂ ರೇಡಿಯೇಟರ್‌ನ ಒಂದು ಹೋಸ್ (ರಬ್ಬರ್ ಕೊಳವೆ) ಸುಡುತ್ತಾ ಇನ್ನೊಂದು ತಣ್ಣಗೇ ಇದ್ದರೆ ಕೂಲಂಟ್ ಸುತ್ತುತ್ತಿಲ್ಲ ಎಂದರ್ಥ. ಮುಟ್ಟುವಾಗ ಫ್ಯಾನ್ ಹತ್ತಿರ ಬೆರಳು ಬೇಡ. ಕೆಲವು ಕಾರುಗಳಲ್ಲಿ ಎಂಜಿನ್ ಆಫ್ ಇದ್ದರೂ ಅದು ತಾನಾಗಿ ತಿರುಗುತ್ತದೆ.

ರೇಡಿಯೇಟರ್ ಮುಚ್ಚಳವನ್ನೂ ತಿರುಗಿಸಿ ನೋಡಿ. ಒಳಗಿನ ರಬ್ಬರ್ ಗಟ್ಟಿಯಾಗಿ ಬಿರುಕು ಬಿಟ್ಟಿದ್ದರೆ ಒತ್ತಡ ನಿಲ್ಲುವುದಿಲ್ಲ, ಕೂಲಂಟ್ ಬೇಗ ಕುದಿಯುತ್ತದೆ. ಆದರೆ ಎಂಜಿನ್ ಪೂರ್ತಿ ತಣ್ಣಗಾದ ಮೇಲೆಯೇ ತೆಗೆಯಿರಿ. ಅವಸರಪಟ್ಟು ತೆಗೆದು ಚಿಮ್ಮಿದ ನೀರಿನಿಂದ ಆದ ಕಲೆ ನನ್ನ ಮುಂಗೈ ಮೇಲೆ ಇನ್ನೂ ಇದೆ.

ಎಲ್ಲೂ ಸೋರದೆ ಕೂಲಂಟ್ ಕಡಿಮೆಯಾಗುತ್ತಿದೆಯಾ? ಸೈಲೆನ್ಸರ್‌ನಿಂದ ಬಿಳಿ ಹೊಗೆ ನಿಲ್ಲದೆ ಬರುತ್ತಿದೆಯಾ? ಡಿಪ್‌ಸ್ಟಿಕ್‌ನ (ಆಯಿಲ್ ಮಟ್ಟ ನೋಡುವ ಕಡ್ಡಿ) ಆಯಿಲ್ ಹಾಲು ಬೆರೆಸಿದ ಕಾಫಿಯ ಹಾಗಿದೆಯಾ? ಹಾಗಿದ್ದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕ್ ಮತ್ತು ಅದರ ಮೇಲ್ಭಾಗವಾದ ಹೆಡ್ ನಡುವಿನ ಸೀಲು) ಹೋಗಿರುವ ಅನುಮಾನ ಬಲವಾಗಿದೆ. ಕಾರು ಓಡಿಸಲೇಬೇಡಿ, ಎಳೆಸಿಕೊಂಡು ಹೋಗಿ.

ಪ್ರಶ್ನೆ: ಬರೀ ನಲ್ಲಿ ನೀರು ಹಾಕಿದರೆ ಸಾಲದೇ?

ಸಾಲದು. ಒಳಗೆಲ್ಲ ತುಕ್ಕು, ಸುಣ್ಣದ ಪದರ ಕಟ್ಟುತ್ತದೆ.

ಪ್ರಶ್ನೆ: ಸೋರಿಕೆ ನಿಲ್ಲಿಸುವ ಪುಡಿ ಹಾಕಬಹುದಾ?

ಅದಕ್ಕೆ ತೂತು ಯಾವುದು, ರೇಡಿಯೇಟರ್‌ನ ಸಣ್ಣ ಕೊಳವೆ ಯಾವುದು ಅಂತ ಗೊತ್ತಾಗುವುದಿಲ್ಲ. ಎರಡನ್ನೂ ಮುಚ್ಚಬಹುದು. ಅದನ್ನು ಮಾರುವವರ ಮಾತು ನಂಬಬೇಡಿ.

ಪ್ರಶ್ನೆ: ಮುಳ್ಳು ಕೆಂಪಿಗೆ ಹೋಗಿದೆ, ಮನೆ ಎರಡೇ ಕಿಲೋಮೀಟರ್. ಓಡಿಸಲಾ?

ಇಲ್ಲ. ಅಲ್ಲೇ ಪಕ್ಕಕ್ಕೆ ನಿಲ್ಲಿಸಿ, ಎಂಜಿನ್ ಆಫ್ ಮಾಡಿ. ಕಾದ ಎಂಜಿನ್ ಮೇಲೆ ತಣ್ಣೀರು ಸುರಿಯಬೇಡಿ, ಹೆಡ್ ಬಿರುಕು ಬಿಡಬಹುದು.