ಬಾಲದ ಬುಡಕ್ಕೆ ಕಟ್ಟಿದ ಡಿಎನ್‌ಎ
ಟ್ರಿಪನೊಸೋಮ ಎಂಬ ಏಕಕೋಶ ಜೀವಿಗೆ ಮೈಟೊಕಾಂಡ್ರಿಯ (ಜೀವಕೋಶಕ್ಕೆ ಶಕ್ತಿ ಒದಗಿಸುವ ಭಾಗ) ಒಂದೇ ಇರುವಾಗ, ಅದರ ಡಿಎನ್‌ಎ ಎರಡೂ ಮರಿಕೋಶಗಳಿಗೆ ಹೇಗೆ ಸಿಗುತ್ತದೆ ಎಂದು ಕೇಳಿದ್ದೀರಿ. ನಮ್ಮ ಜೀವಕೋಶಗಳಲ್ಲಿ ಈ ಡಿಎನ್‌ಎಯ ಪ್ರತಿಗಳು ಜಾಸ್ತಿ. ಸುಮ್ನೆ ಹಂಚಿದರೂ ಎರಡೂ ಕಡೆ ಒಂದಷ್ಟು ಬರುತ್ತವೆ. ಆಫ್ರಿಕಾದಲ್ಲಿ ನಿದ್ರಾರೋಗ ತರುವ ಈ ಪರಾವಲಂಬಿಗೆ ಆ ಅನುಕೂಲ ಇಲ್ಲ. ಅದರದ್ದು ಒಂದೇ ಬಲೆ: ಸಾವಿರಾರು ಪುಟ್ಟ ಉಂಗುರಗಳು, ಕೆಲವೇ ಡಜನ್ ದೊಡ್ಡ ಉಂಗುರಗಳು, ಎಲ್ಲ ಒಂದಕ್ಕೊಂದು ಕೊಂಡಿ ಹಾಕಿಕೊಂಡಿವೆ. ಈ ಬಲೆಯನ್ನು ಕಶಾಂಗದ, ಅಂದರೆ ಈಜುವ ಬಾಲದ, ಬುಡಕ್ಕೆ ಎಳೆಗಳು ಬಿಗಿದಿರುತ್ತವೆ. ಅದೂ ಮೈಟೊಕಾಂಡ್ರಿಯದ ಎರಡು ಪೊರೆಗಳನ್ನು ದಾಟಿ! ವಿಭಜನೆಗೆ ಮುಂಚೆ ಬಲೆ ಇಮ್ಮಡಿಯಾಗುತ್ತದೆ, ಹೊಸ ಬಾಲವೂ ಬೆಳೆಯುತ್ತದೆ. ಎರಡು ಬುಡಗಳು ದೂರ ಸರಿದಂತೆ ಬಲೆಯನ್ನೂ ಎರಡಾಗಿ ಎಳೆದೊಯ್ಯುತ್ತವೆ. ರಾಬಿನ್ಸನ್ ಮತ್ತು ಗಲ್ ಎಂಬ ವಿಜ್ಞಾನಿಗಳು ಇದನ್ನು 1991ರಲ್ಲೇ ತೋರಿಸಿದರು. ಆ ಎಳೆಕಟ್ಟು ಕೆಟ್ಟರೆ ಒಂದು ಮರಿಗೆ ದೊಡ್ಡ ಬಲೆ, ಇನ್ನೊಂದಕ್ಕೆ ಏನೂ ಇಲ್ಲ.